ಶ್ರುತಿ ಸೇರುವ ಹೊತ್ತು

ಅಮೆರಿಕನ್ ಫುಟ್‌ಬಾಲ್ ಎಂಬ ಬ್ಯಾಂಡನ್ನು ಎದುರು ನಿಂತು ಕೇಳುವುದರ ಅರ್ಧ ಸುಖ ಇರುವುದು ಎರಡು ಹಾಡುಗಳ ನಡುವಿನ ಬಿಡುವಿನಲ್ಲಿ. ಹಾಡು ಮುಗಿದ ಕೂಡಲೇ ಮೈಕ್ ಕಿನ್ಸೆಲ್ಲಾ ತಲೆ ಬಗ್ಗಿಸಿ ಗಿಟಾರಿನ ಬಿರಡೆ ತಿರುಗಿಸತೊಡಗುತ್ತಾರೆ. ಅವರ ಪಕ್ಕದಲ್ಲಿ ಸ್ಟೀವ್ ಹೋಮ್ಸ್ ಅವರದೂ ಅದೇ ಕೆಲಸ. ಎಲ್ಲರ ಗಿಟಾರಿನಂತೆ ಇವರ ತಂತಿಗಳಿಗೆ ಒಂದೇ ಕಟ್ಟಳೆಯ ಶ್ರುತಿಯಿಲ್ಲ. ಬಹಳ ಹೆಸರಾದ ಹಾಡಿಗೆ ದಪ್ಪ ತಂತಿಯಿಂದ ಸಣ್ಣ ತಂತಿಯವರೆಗೆ ಎಫ್, ಎ, ಸಿ, ಜಿ, ಸಿ, ಇ. ಬೆರಳು ಒತ್ತದೆ ಸುಮ್ಮನೆ ಆರೂ ತಂತಿ ಮೀಟಿದರೆ ಸಾಕು, ಸಂತೋಷವೋ ಸಂಕಟವೋ ಹೇಳಲಾಗದ ಒಂದು ಮಂದ ನಾದ ಏಳುತ್ತದೆ. ಕಛೇರಿಯಲ್ಲಿ ತಂಬೂರಿ ಸೇರುವಾಗ ಕಿವಿ ತಾನಾಗಿ ತೆರೆದುಕೊಳ್ಳುವಂತೆ, 2014ರ ಅಕ್ಟೋಬರಿನ ಆ ರಾತ್ರಿ ನ್ಯೂಯಾರ್ಕಿನ ವೆಬ್‌ಸ್ಟರ್ ಹಾಲಿನಲ್ಲಿ ನಾವೆಲ್ಲ ಆ ಬಿರಡೆಗಳನ್ನೇ ಕೇಳುತ್ತ ನಿಂತಿದ್ದೆವು. ಯಾರಿಗೂ ಅವಸರವಿರಲಿಲ್ಲ.

ಅವಸರ ಹೇಗೆ ಬಂದೀತು? ಜನ ಈ ಬ್ಯಾಂಡಿಗಾಗಿ ಹದಿನಾಲ್ಕು ವರ್ಷ ಕಾದಿದ್ದರು. ಇಲಿನಾಯ್ ರಾಜ್ಯದ ಅರ್ಬಾನಾ–ಶಾಂಪೇನ್ ಎಂಬ ಅವಳಿ ಊರಿನಲ್ಲಿ ಓದುತ್ತಿದ್ದ ಮೂವರು ಹುಡುಗರು 1999ರಲ್ಲಿ ಒಂದೇ ಒಂದು ಪೂರ್ಣ ಆಲ್ಬಂ ತಂದರು. ಅದನ್ನು ಹೊರತಂದ ಪಾಲಿವಿನೈಲ್, ಹದಿಹರೆಯದವರು ಕೈಯಾರೆ ಮಾಡಿದ ಪುಟ್ಟ ಪತ್ರಿಕೆಯಿಂದ ಬೆಳೆದ ಸಣ್ಣ ಸಂಸ್ಥೆ. ಓದು ಮುಗಿಯಿತು, ಹುಡುಗರು ಚದುರಿದರು. ಡ್ರಮ್ಸ್‌ನ ಸ್ಟೀವ್ ಲೇಮಸ್ ಮುಂದೆ ಕೊಲರಾಡೊದಲ್ಲಿ ಪ್ರಾಧ್ಯಾಪಕರಾದರು. ಜಾಹೀರಾತಿಲ್ಲ, ರೇಡಿಯೊ ಇಲ್ಲ. ಹಾಡುಗಳು ಮಾತ್ರ ಸ್ನೇಹಿತರಿಂದ ಸ್ನೇಹಿತರಿಗೆ, ಅಣ್ಣನಿಂದ ತಮ್ಮನಿಗೆ ದಾಟುತ್ತ ಹೋದವು. ಬ್ಯಾಂಡ್ ಮತ್ತೆ ಕೂಡುತ್ತದೆ ಎಂದು ಸುದ್ದಿಯಾದಾಗ ವೆಬ್‌ಸ್ಟರ್ ಹಾಲಿನ ಒಂದು ರಾತ್ರಿ ಸಾಲದೆ ಮೂರು ರಾತ್ರಿಯಾಯಿತು.

ಈಸ್ಟ್ ವಿಲೇಜಿನ ಹನ್ನೊಂದನೇ ಬೀದಿಯಲ್ಲಿರುವ ಆ ಕಟ್ಟಡ 1886ರದು. ಒಳಗೆ ಎತ್ತರದ ಚಾವಣಿ, ಮೇಲೆ ಬಾಲ್ಕನಿ, ಕೆಳಗೆ ಭುಜಕ್ಕೆ ಭುಜ ತಾಗುವಂತೆ ನಿಂತ ಜನ. ಆಲ್ಬಂ ಬಂದಾಗ ಕಾಲೇಜಿನಲ್ಲಿದ್ದವರು ಈಗ ನಲವತ್ತರ ಹತ್ತಿರ ಬಂದಿದ್ದರು. ಆಗ ಅಕ್ಷರ ಕಲಿಯುತ್ತಿದ್ದವರು ಈಗ ಮೀಸೆ ಬಂದ ಹುಡುಗರು. ಎರಡೂ ತಲೆಮಾರಿಗೆ ಸಾಹಿತ್ಯ ಬಾಯಿಪಾಠ.

ಇವರ ಸಂಗೀತದ ಬಗೆಗೆ ಎಮೊ ಎಂದು ಹೆಸರು. ಎಮೊ ಎಂದರೆ ಕಣ್ಣಿಗೆ ಬಿದ್ದ ಕೂದಲು, ಕಪ್ಪು ಬಟ್ಟೆ ಎಂದುಕೊಂಡವರು ಬಹಳ. ಅದು ದೊಡ್ಡ ಕಂಪನಿಗಳು ಕೈಹಾಕಿದ ಮೇಲಿನ ಕಥೆ. ಬೇರು ಇರುವುದು 1980ರ ದಶಕದ ವಾಷಿಂಗ್ಟನ್ ನಗರದಲ್ಲಿ. ಪಂಕ್ ಸಂಗೀತದ ಸಿಟ್ಟು ಲೋಕದ ಮೇಲೆ ಹರಿಯುತ್ತಿದ್ದಾಗ ರೈಟ್ಸ್ ಆಫ್ ಸ್ಪ್ರಿಂಗ್‌ನಂಥ ಬ್ಯಾಂಡುಗಳು ಅದೇ ವೇಗದಲ್ಲಿ, ಅದೇ ಗದ್ದಲದಲ್ಲಿ ತಮ್ಮ ಒಳಗಿನ ನೋವನ್ನು ಕೂಗಿದವು. ಮಧ್ಯ ಪಶ್ಚಿಮದ ಜೋಳದ ಹೊಲಗಳ ನಡುವಿನ ಕಾಲೇಜು ಊರುಗಳಿಗೆ ಬರುವ ಹೊತ್ತಿಗೆ ಆ ಕೂಗಿನ ಬಿರುಸು ಇಳಿದಿತ್ತು. ಹದಿಹರೆಯದಲ್ಲಿ ಕ್ಯಾಪ್‌ನ್ ಜಾಝ್ ಎಂಬ ಅಬ್ಬರದ ಬ್ಯಾಂಡಿಗೆ ಡ್ರಮ್ಸ್ ಬಾರಿಸಿದ್ದ ಕಿನ್ಸೆಲ್ಲಾ ಇಲ್ಲಿ ಮೆಲ್ಲಗೆ, ಪಕ್ಕದಲ್ಲಿ ಕೂತವರಿಗೆ ಹೇಳಿದಂತೆ ಹಾಡುತ್ತಾರೆ. ಅಗಲಿಕೆಯ ಹಾಡುಗಳೇ ಎಲ್ಲ. ಅಗಲಿದವರನ್ನು ದೂರುವ ಗೋಜಿಲ್ಲ. ಅದಕ್ಕಾಗಿಯೇ ನನಗೆ ಇವು ಇಷ್ಟ.

ಅವು ಸರಳವೂ ಅಲ್ಲ. ಎರಡು ಗಿಟಾರುಗಳು ಬೇರೆ ಬೇರೆ ಎಳೆ ಹಿಡಿದು ಸುತ್ತುತ್ತವೆ, ಅಲ್ಲಲ್ಲಿ ಕೂಡುತ್ತವೆ. ನ್ಯೂಯಾರ್ಕಿನವರೇ ಆದ ಸಂಯೋಜಕ ಸ್ಟೀವ್ ರೈಕ್ ಅವರ ಆವರ್ತನೆಗಳ ನೆರಳು ಅಲ್ಲಿದೆ. ತಾಳ ನಾಲ್ಕರ ಎಣಿಕೆಗೆ ಸುಲಭವಾಗಿ ಸಿಕ್ಕುವುದಿಲ್ಲ. ತಲೆದೂಗುತ್ತಿದ್ದವರು ತಪ್ಪುತ್ತಾರೆ, ಮತ್ತೆ ಹಿಡಿಯುತ್ತಾರೆ. ಹೀಗಿರುವಾಗ ಲೇಮಸ್ ಕೋಲು ಬಿಟ್ಟು ಟ್ರಂಪೆಟ್ ಎತ್ತಿಕೊಂಡರು. ಒಂದೇ ಸ್ವರವನ್ನು ಉದ್ದಕ್ಕೆ ಎಳೆದರು. ನನ್ನ ಪಕ್ಕದಲ್ಲಿದ್ದ ದಪ್ಪ ಗಡ್ಡದ ಮನುಷ್ಯ ಕಣ್ಣೊರೆಸಿಕೊಂಡು, ನಾಚದೆ ನನ್ನತ್ತ ನೋಡಿ ತಲೆಯಾಡಿಸಿದ. ನಾನೂ ತಲೆಯಾಡಿಸಿದೆ.

ಆಮೇಲೆ ಎಲ್ಲರೂ ಕಾಯುತ್ತಿದ್ದ ಹಾಡಿನ ಗಿಟಾರು ಮೊದಲಾಯಿತು. ಜನ ಸಾಹಿತ್ಯ ಬರುವವರೆಗೂ ಕಾಯಲಿಲ್ಲ, ಗಿಟಾರಿನ ಸ್ವರಗಳನ್ನೇ ಬಾಯಲ್ಲಿ ಹಾಡಿದರು. ಬರೆದವರು ಬಿಟ್ಟುಹೋಗಿದ್ದ ಹಾಡನ್ನು ಕೇಳುಗರು ಇಷ್ಟು ಕಾಲ ಸಾಕಿಕೊಂಡಿದ್ದರು. ಇಪ್ಪತ್ತರ ಹುಡುಗ ತನ್ನೊಬ್ಬನ ಸಂಕಟವೆಂದು ಬರೆದದ್ದು ಇಷ್ಟು ಮಂದಿಯ ಬಾಳಿಗೆ ಹೊಂದಿಕೊಂಡಿತ್ತು. ಮೈಕಿನ ಎದುರು ನಿಂತ ಮಧ್ಯವಯಸ್ಸಿನವರ ದನಿ ಸಭೆಯ ದನಿಯೊಳಗೆ ಮುಳುಗಿತು. ಸಂಗೀತದಲ್ಲಿ ಇದಕ್ಕಿಂತ ದೊಡ್ಡ ಗೌರವವನ್ನು ನಾನು ಕಂಡಿಲ್ಲ.

ಆ ಮೊದಲ ಆಲ್ಬಮ್ಮಿನ ಮೇಲೆ ಅರ್ಬಾನಾದ ಒಂದು ಮನೆಯ ಚಿತ್ರವಿದೆ, ಕ್ರಿಸ್ ಸ್ಟ್ರಾಂಗ್ ತೆಗೆದದ್ದು: ಬಿಳಿ ಮನೆ, ಮಹಡಿಯ ಕಿಟಕಿಯಲ್ಲಿ ಬೆಳಕು. ಅಭಿಮಾನಿಗಳು ದೂರದಿಂದ ಬಂದು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಯಾರಾದರೂ ಕೆಡವಿಯಾರು ಎಂಬ ಅಂಜಿಕೆಯಿಂದ 2023ರಲ್ಲಿ ಬ್ಯಾಂಡಿನವರು, ಪಾಲಿವಿನೈಲ್‌ನವರು ಮತ್ತಿತರರು ಕೂಡಿ ಅದನ್ನು ಕೊಂಡುಕೊಂಡರು. ಸುದ್ದಿ ಓದಿ ನಮ್ಮವರ ಮನೆ ಉಳಿಯಿತೆಂಬಷ್ಟು ಹಿಗ್ಗಾಯಿತು. ಮುಂದಿನ ಸಲ ಶಿಕಾಗೊಗೆ ಹೋದಾಗ ದಕ್ಷಿಣಕ್ಕೆ ಎರಡು-ಮೂರು ತಾಸು ಗಾಡಿ ಓಡಿಸಿ ನೋಡಿ ಬರಬೇಕು.