ಉರಿಯ ರುಚಿ

ಕಬ್ಬು ಕಡಿಯುವ ಹಂಗಾಮಿನಲ್ಲಿ ಒಮ್ಮೆ ಮೊಮ್ಮಗಳೊಡನೆ ನಿಪ್ಪಾಣಿಯಿಂದ ಅಥಣಿಗೆ ಹೊರಟಿದ್ದೆ. ತಂಬಾಕಿಗೆ ಹೆಸರಾದ ನಿಪ್ಪಾಣಿಯನ್ನು ಬಿಟ್ಟು ಚಿಕ್ಕೋಡಿ ತಲುಪುವಷ್ಟರಲ್ಲಿ ಸಂಜೆಯಾಯಿತು. ಊರಿನಲ್ಲಿ ಗೋಬಿ ಮಂಚೂರಿಯ ಗಾಡಿಗಳೆರಡು ಅಕ್ಕಪಕ್ಕ ನಿಂತಿದ್ದವು. ಒಂದರ ತಟ್ಟೆ ಕುಂಕುಮದಂತೆ ಕೆಂಪು. ಇನ್ನೊಂದರದು ಮಾಸಲು ಕಂದು. ಮೊಮ್ಮಗಳು ಕೆಂಪಿನತ್ತ ಕೈ ತೋರಿದಳು. ನಾನು ಕಂದಿನತ್ತ ನಡೆದೆ. ಅವಳು ಮುಖ ಸಣ್ಣದು ಮಾಡಿದಳು.

ಆ ಗಾಡಿಯವನ ಒಲೆ ಭೋರ್ಗರೆಯುತ್ತಿತ್ತು. ತೆಳುವಾದ ಕಬ್ಬಿಣದ ಬಾಣಲೆ ಹೊಗೆಯಾಡತೊಡಗಿದ ಮೇಲೆಯೇ ಎಣ್ಣೆ ಹಾಕಿದ. ಒಂದು ಹಿಡಿ ಈರುಳ್ಳಿ, ದೊಣ್ಣಮೆಣಸು, ಕರಿದಿಟ್ಟ ಹೂಕೋಸು. ನಾಲ್ಕು ಬಾರಿ ಮೇಲಕ್ಕೆ ಹಾರಿಸಿ ಇಳಿಸಿಬಿಟ್ಟ. “ಒಮ್ಮೆಗೇ ನಾಲ್ಕು ತಟ್ಟೆಯಷ್ಟು ಹಾಕಿದರೆ ಬಾಣಲೆ ತಣ್ಣಗಾಗುತ್ತದೆ, ರುಚಿ ಹೋಗುತ್ತದೆ” ಎಂದ.

ಅವನ ಮಾತು ಶಾಸ್ತ್ರಸಮ್ಮತವಾದದ್ದು. ನೀರು ಕುದಿಯುವುದು 100 ಡಿಗ್ರಿಯಲ್ಲಿ. ತರಕಾರಿಯ ಮೈಮೇಲೆ ನೀರಿರುವವರೆಗೆ ಅದು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ನೀರು ಆರಿ, ಶಾಖ ಸುಮಾರು 140 ಡಿಗ್ರಿ ದಾಟಿದಾಗ, ಅದರೊಳಗಿನ ಸಕ್ಕರೆ ಹಾಗೂ ಪ್ರೋಟೀನಿನ ಅಂಶಗಳು ಬೇಗಬೇಗ ಕೂಡಿ ಕಂದುಬಣ್ಣವನ್ನೂ ಘಮವನ್ನೂ ಹುಟ್ಟಿಸುತ್ತವೆ. ಫ್ರಾನ್ಸಿನ ಮೈಲ್ಲಾರ್ಡ್ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದರು. ಹಾರಿಸುವಾಗ ಎಣ್ಣೆಯ ಹನಿಗಳಿಗೆ ಉರಿ ತಗುಲಿ ಹೊಗೆಯ ಪರಿಮಳವೂ ಸೇರುತ್ತದೆ. ದಕ್ಷಿಣ ಚೀನದವರು ಇದನ್ನು ‘ವೊಕ್ ಹೇ’, ಅಂದರೆ ಬಾಣಲೆಯ ಉಸಿರು, ಎನ್ನುತ್ತಾರೆ.

ಮರುದಿನ ರಾಯಬಾಗದ ದಾರಿಯಲ್ಲಿ ಆಲೆಮನೆಯೊಂದನ್ನು ಕಂಡೆವು. ಕಬ್ಬಿನ ಹಿಪ್ಪೆಯ ಉರಿಯಲ್ಲಿ ಹಾಲು ಕುದಿದು, ಸುಮಾರು 118 ಡಿಗ್ರಿಗೆ ಪಾಕ ಬಂದಾಗ ಕಡಾಯಿ ಇಳಿಸಬೇಕು. ತುಸು ತಡವಾದರೂ ಬೆಲ್ಲ ಕಪ್ಪಾಗಿ ಕಹಿಯಾಗುತ್ತದೆ. ಉರಿಗೂ ಹದವುಂಟು.

ಕುಡಚಿಯ ಬಳಿ ಕೃಷ್ಣೆಯನ್ನು ದಾಟಿ, ಉಗಾರ, ಕಾಗವಾಡಗಳ ಮೇಲಿಂದ ಅಥಣಿ ಸೇರಿದೆವು. ದಾರಿಯಲ್ಲಿ ಮೊಮ್ಮಗಳಿಗೆ ಆ ಕೆಂಪಿನ ಕಥೆ ಹೇಳಿದೆ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಆಗ ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದಿದ್ದವು. ಉರಿ ಕೊಡಬೇಕಾದ ಬಣ್ಣವನ್ನು ಪುಡಿಯಿಂದ ಕೊಡಹೊರಟರೆ ಕಣ್ಣಿಗೆ ಹಬ್ಬ, ನಾಲಿಗೆಗೆ ಉಪವಾಸ. ಮಕ್ಕಳ ಆರೋಗ್ಯಕ್ಕಂತೂ ಕೇಡು.

ಅಥಣಿಯ ಬೀಗರ ಮನೆಯಲ್ಲಿ ಆ ರಾತ್ರಿ ಜೋಳದ ರೊಟ್ಟಿ. ಹಂಚು ಚೆನ್ನಾಗಿ ಕಾಯದೆ ರೊಟ್ಟಿ ಹಾಕಬಾರದೆಂದು ಅಜ್ಜಿ ಸೊಸೆಗೆ ಹೇಳುತ್ತಿದ್ದರು. ಮೊಮ್ಮಗಳು ನಕ್ಕಳು: “ಗಾಡಿಯವನೂ ಇದನ್ನೇ ಹೇಳಿದ!”

ಮನೆಯ ಒಲೆಗೆ ಗಾಡಿಯ ಉರಿ ಬಾರದು. ಆದರೆ ತರಕಾರಿಯನ್ನು ತೊಳೆದು ಒರೆಸಿ, ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಸ್ವಲ್ಪಸ್ವಲ್ಪವಾಗಿ ಹುರಿದರೆ ಅರ್ಧ ರುಚಿ ಕೈಗೆ ಬರುತ್ತದೆ. ಊರಿಗೆ ಮರಳಿದ ಮೇಲೆ ಮೊಮ್ಮಗಳು ತಾನೇ ಹಾಗೆ ಮಾಡಿ ಬಡಿಸಿದಳು. ಕೆಂಪು ಎಲ್ಲೆಂದು ಕೇಳಲಿಲ್ಲ.