ಕೆನ್ನೆಯ ತಗ್ಗು

ಮುಖ ನೋಡಿ ಮಣೆ ಹಾಕುವುದು ಸಜ್ಜನರ ಲಕ್ಷಣವಲ್ಲವೆಂದು ಹಿರಿಯರು ಬುದ್ಧಿ ಹೇಳುತ್ತ ಬಂದಿರುವರು. ಆದರೂ ಲೋಕದಲ್ಲಿ ಮಣೆ ಬೀಳುವುದು ಮುಖವನ್ನು ನೋಡಿಯೇ. ಮೈಯ ಊನವನ್ನು ಉಡುಪು ಮರೆಸುವುದು. ಮನಸ್ಸಿನ ಊನವನ್ನು ಮಾತು ಮರೆಸುವುದು. ಮುಖದ ಊನಕ್ಕೆ ಮಾತ್ರ ಮರೆಯೆಂಬುದಿಲ್ಲ. ಆದಕಾರಣ ಮುಖವನ್ನು ತಿದ್ದಿಸಿಕೊಳ್ಳಬೇಕೆಂಬ ಆಸೆಯನ್ನೆಲ್ಲ ಬೆಡಗೆಂಬ ಒಂದೇ ಮಾತಿನಿಂದ ತಳ್ಳಿಹಾಕುವುದು ನ್ಯಾಯವಲ್ಲ.

ಮಲೆನಾಡಿನ ಸೆರಗಿನಲ್ಲಿರುವ ಒಂದು ಮನೆಯಲ್ಲಿ ಈ ವಿಚಾರವು ಮೂರು ವರ್ಷಗಳ ಕಾಲ ಚರ್ಚೆಗೆ ಬಂದಿದ್ದಿತು. ಆ ಮನೆಯ ಹುಡುಗಿಗೆ ಹನ್ನೊಂದನೆಯ ವಯಸ್ಸಿನಲ್ಲಿ ಎಡಗೆನ್ನೆಯು ಸೊರಗತೊಡಗಿತು. ತಾಯಿ ಮೊದಲು ಅದನ್ನು ಹಲ್ಲುನೋವಿನ ಫಲವೆಂದು ತಿಳಿದಳು. ವರ್ಷವೆರಡು ಕಳೆಯುವಷ್ಟರಲ್ಲಿ ಬಲಗೆನ್ನೆಯು ಹುಡುಗಿಯದಾಗಿಯೂ ಎಡಗೆನ್ನೆಯು ಮುದುಕಿಯದಾಗಿಯೂ ಕಾಣಿಸಿತು. ಮುಖದ ಒಂದು ಪಾರ್ಶ್ವದ ಮೇದಸ್ಸೂ ಚರ್ಮವೂ ಕೆಲವೊಮ್ಮೆ ಮಾಂಸ ಅಸ್ಥಿಗಳೂ ಮೆಲ್ಲಮೆಲ್ಲನೆ ಕ್ಷಯಿಸುವ ಈ ವ್ಯಾಧಿಯನ್ನು 1825ರಲ್ಲಿ ಪ್ಯಾರಿ ಎಂಬ ವೈದ್ಯನೂ 1846ರಲ್ಲಿ ರಾಂಬರ್ಗ್ ಎಂಬವನೂ ವರ್ಣಿಸಿದುದರಿಂದ ಅವರಿಬ್ಬರ ಹೆಸರೇ ಅದಕ್ಕೆ ನಿಂತಿದೆ. ಇದು ಸಾಮಾನ್ಯವಾಗಿ ಬಾಲ್ಯದಲ್ಲಿ ಇಲ್ಲವೆ ಯೌವನದ ಆರಂಭದಲ್ಲಿ ತೊಡಗಿ, ಕೆಲವು ವರ್ಷ ಮುಂದುವರಿದು, ತಾನಾಗಿ ನಿಲ್ಲುವುದುಂಟು. ಈ ಹುಡುಗಿಯಲ್ಲಿ ಹತ್ತೊಂಬತ್ತನೆಯ ವಯಸ್ಸಿಗೆ ನಿಂತಿತು. ಆದರೆ ಹೋದ ಕೆನ್ನೆ ಹಿಂದಿರುಗಲಿಲ್ಲ.

ಅವಳು ಓದಿ ಉಪಾಧ್ಯಾಯಿನಿಯಾದಳು. ಮೊದಲನೆಯ ದಿನವೇ ಒಂದನೆಯ ತರಗತಿಯ ಮಗುವೊಂದು, "ಟೀಚರ್, ನಿಮ್ಮ ಆ ಕೆನ್ನೆ ಎಲ್ಲಿ ಹೋಯಿತು?" ಎಂದು ಕೇಳಿತು. ಮಗುವಿನ ಮಾತಿನಲ್ಲಿ ಕೊಂಕಿರಲಿಲ್ಲ. ಅವಳು ನಕ್ಕಳು. ಆದರೆ ಅಂದಿನಿಂದ ಕಪ್ಪುಹಲಗೆಯ ಎಡಗಡೆಯಲ್ಲಿಯೇ ನಿಂತು, ಬಲಗೆನ್ನೆಯನ್ನು ಮಾತ್ರ ಮಕ್ಕಳಿಗೆ ತೋರಿಸುತ್ತ ಪಾಠ ಹೇಳುವುದು ಅವಳಿಗೆ ಅಭ್ಯಾಸವಾಯಿತು.

ಶಸ್ತ್ರಚಿಕಿತ್ಸೆಯ ಮಾತನ್ನು ಮನೆಯಲ್ಲಿ ಎತ್ತಿದಾಗ ದೊಡ್ಡಪ್ಪನವರು, "ದೇವರು ಕೊಟ್ಟ ಮುಖ ತಾಯಿ ಇದು, ತಿದ್ದುವುದಕ್ಕೆ ನಾವು ಯಾರು?" ಎಂದರು.

"ದೇವರು ಕೊಟ್ಟದ್ದು ಎರಡು ಕೆನ್ನೆ ದೊಡ್ಡಪ್ಪಾ, ಒಂದನ್ನು ರೋಗ ತೆಗೆದುಕೊಂಡು ಹೋಯಿತು" ಎಂದು ಅವಳು ಹೇಳಿದಳು.

ದೊಡ್ಡಪ್ಪನವರು ಶಾಸ್ತ್ರ ಬಲ್ಲವರು; ಮರುಮಾತನಾಡದೆ ಎದ್ದುಹೋಗಿ ಸುಶ್ರುತಸಂಹಿತೆಯನ್ನು ತೆರೆದರು. ಕತ್ತರಿಸಿಹೋದ ಮೂಗಿಗೆ ಕಪೋಲದ ಚರ್ಮವನ್ನು ತಿರುಗಿಸಿ ಕೂಡಿಸುವ ಕ್ರಮವು ಅಲ್ಲಿ ಉಕ್ತವಾಗಿದೆ. ಇದು ಗ್ರಂಥದಲ್ಲಿಯೇ ಉಳಿದ ವಿದ್ಯೆಯೂ ಅಲ್ಲ. 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಯ ಎತ್ತಿನ ಗಾಡಿಯವನಾದ ಕಾವಸಜಿ ಎಂಬವನು ಟಿಪ್ಪುಸುಲ್ತಾನನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನು ಕಳೆದುಕೊಂಡನು; ಪುಣೆಯಲ್ಲಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಹಣೆಯ ಚರ್ಮದಿಂದ ಅವನಿಗೆ ಹೊಸ ಮೂಗನ್ನು ಮಾಡಿದನು. ಈ ವೃತ್ತಾಂತವು 1794ರಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ಅದರಿಂದ ಪ್ರೇರಿತನಾದ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಅದೇ ಕ್ರಮವನ್ನು ಲಂಡನ್ನಿನಲ್ಲಿ ನಡೆಯಿಸಿದನು. ಮೂರು ದಿನಗಳ ತರುವಾಯ ದೊಡ್ಡಪ್ಪನವರು, "ಹೋಗಿ ಬಾ" ಎಂದಷ್ಟೇ ಹೇಳಿದರು.

ಚರ್ಮದ ಮಾತು ಹಾಗಿರಲಿ. ಮೇದಸ್ಸನ್ನು ಒಂದೆಡೆಯಿಂದ ತೆಗೆದು ಇನ್ನೊಂದೆಡೆ ನೆಡುವುದು ಅಷ್ಟು ಹಳೆಯದಲ್ಲ. 1893ರಲ್ಲಿ ಜರ್ಮನಿಯ ನ್ಯೂಬರ್ ಎಂಬವನು ತೋಳಿನ ಕೊಬ್ಬನ್ನು ತೆಗೆದು ಮುಖದ ಗಾಯದ ತಗ್ಗನ್ನು ತುಂಬಿದನು. ಸಣ್ಣ ತುಣುಕುಗಳು ಬಾಳುವುವು, ದೊಡ್ಡವು ಬಾಳವೆಂಬುದನ್ನು ಅವನು ಆಗಲೇ ಕಂಡುಕೊಂಡನು. 1950ರಲ್ಲಿ ಅಮೆರಿಕೆಯ ಪೀರ್ ಎಂಬವನು, ನೆಟ್ಟ ಕೊಬ್ಬಿನಲ್ಲಿ ಸುಮಾರು ಅರ್ಧಭಾಗವು ಒಂದು ವರ್ಷದೊಳಗೆ ಕರಗಿಹೋಗುವುದೆಂದು ತೋರಿಸಿದನು. ಮುಂದೆ ನ್ಯೂಯಾರ್ಕಿನ ಸಿಡ್ನಿ ಕೋಲ್ಮನ್ ಎಂಬವರು ಕೊಬ್ಬನ್ನು ಜಜ್ಜದೆ ತೆಗೆದು, ಶೋಧಿಸಿ, ಹನಿಹನಿಯಾಗಿ ಇಡುವ ಕ್ರಮವನ್ನು ಬಳಕೆಗೆ ತಂದರು. ಇಂದು ವಯಸ್ಸಿನಿಂದ ಬತ್ತಿದ ಕೆನ್ನೆಗೂ ರೋಗದಿಂದ ಬತ್ತಿದ ಕೆನ್ನೆಗೂ ಚಿಕಿತ್ಸೆ ಒಂದೇ.

ಬೆಂಗಳೂರಿನ ವೈದ್ಯೆಯವರು ತಾಯಿಮಗಳಿಬ್ಬರನ್ನೂ ಕೂರಿಸಿಕೊಂಡು ಎಲ್ಲವನ್ನೂ ಬಿಚ್ಚಿ ಹೇಳಿದರು. ರೋಗವು ನಿಂತು ವರ್ಷಗಳಾಗಿರುವುದನ್ನು ಅವರು ಮೊದಲು ನಿಶ್ಚಯಿಸಿಕೊಂಡರು; ಉರಿಯುವ ಮನೆಗೆ ಸುಣ್ಣ ಬಳಿಯಲಾಗದಷ್ಟೆ. ಹೊಟ್ಟೆಯ ಇಲ್ಲವೆ ತೊಡೆಯ ಭಾಗಕ್ಕೆ ಅರಿವಳಿಕೆ ಬೆರೆತ ಉಪ್ಪುನೀರನ್ನು ಹರಿಸಿ, ಮೊಂಡುತುದಿಯ ತೆಳುಕೊಳವೆಯಿಂದ ಕೊಬ್ಬನ್ನು ಮೆಲ್ಲಗೆ ಎಳೆಯುವರು. ರಕ್ತವನ್ನೂ ಎಣ್ಣೆಯನ್ನೂ ಬೇರ್ಪಡಿಸುವರು. ಬಳಿಕ ಕೆನ್ನೆಯ ಒಳಪದರಗಳಲ್ಲಿ ಒಂದೊಂದು ಸಲಕ್ಕೆ ಮಿಲಿಲೀಟರಿನ ಹತ್ತನೆಯ ಒಂದು ಪಾಲಿಗಿಂತ ಹೆಚ್ಚಿಲ್ಲದಂತೆ ಇಟ್ಟು ಬರುವರು. ಹೀಗೇಕೆಂದು ಹುಡುಗಿ ಕೇಳಲು ವೈದ್ಯೆಯವರು, "ನೀವು ಗದ್ದೆಯವರಲ್ಲವೆ? ಸಸಿಯ ಕಟ್ಟನ್ನು ಇಡಿಯಾಗಿ ಕೆಸರಿನಲ್ಲಿ ಹೂತರೆ ನಡುವಿನವು ಕೊಳೆಯುವುವು. ಬಿಡಿಬಿಡಿಯಾಗಿ ನಾಟಿ ಮಾಡಿದರೆ ಬೇರೆಲ್ಲ ಮಣ್ಣಿಗೆ ಸೋಕುವುದು. ಕೊಬ್ಬಿಗೂ ಹಾಗೆಯೇ, ಹೊಸ ರಕ್ತನಾಳ ಬಂದು ಮುಟ್ಟುವ ತನಕ ಸುತ್ತಲಿನ ರಸದಿಂದಲೇ ಅದು ಜೀವ ಹಿಡಿಯಬೇಕು" ಎಂದರು.

"ಮೊದಲಿನ ಹಾಗೆಯೇ ಆಗುವಳೆ?" ಎಂದು ತಾಯಿ ಕೇಳಿದಳು.

ವೈದ್ಯೆಯವರು ಸವಿಮಾತನ್ನಾಡಲಿಲ್ಲ. ಇಟ್ಟುದರಲ್ಲಿ ಎಷ್ಟು ಉಳಿಯುವುದೆಂಬುದು ಒಬ್ಬೊಬ್ಬರಿಗೆ ಒಂದೊಂದು ಬಗೆ; ಅರ್ಧ ಉಳಿದರೂ ಲಾಭವೆಂದೇ ತಿಳಿಯಬೇಕು; ಎರಡನೆಯ ಸಲ, ಒಮ್ಮೊಮ್ಮೆ ಮೂರನೆಯ ಸಲವೂ ಮಾಡಬೇಕಾಗಬಹುದು. ಗಂಟು ಉಳಿಯಬಹುದು, ಸೋಂಕು ತಗಲಬಹುದು. ಬಹು ಅಪೂರ್ವವಾಗಿ ಕೊಬ್ಬು ರಕ್ತನಾಳವನ್ನು ಹೊಕ್ಕು ಕಣ್ಣನ್ನೇ ಕೆಡಿಸಿದುದುಂಟು, ಪಾರ್ಶ್ವವಾಯುವನ್ನು ತಂದುದೂ ಉಂಟು. ಮೈ ಇಳಿದರೆ ಆ ಕೆನ್ನೆಯೂ ಇಳಿಯುವುದು, ಮೈ ಬಂದರೆ ಅದೂ ಉಬ್ಬುವುದು. "ತಗ್ಗು ಕಡಮೆಯಾಗುವುದು, ರೋಗವೇ ಬಾರದಿದ್ದ ಮುಖವನ್ನು ಕೊಡುವುದು ನನ್ನ ಕೈಯಲ್ಲಿಲ್ಲ" ಎಂಬುದು ಅವರ ಕೊನೆಯ ಮಾತು. ತಾಯಿಯ ಕಣ್ಣು ತುಂಬಿತು. ಮಗಳು ಮಾತ್ರ, "ಅಷ್ಟು ಸಾಕು" ಎಂದಳು.

ಶಸ್ತ್ರಕ್ರಿಯೆಯಾದ ಮೂರನೆಯ ದಿನ ಮುಖವು ಬಾತು, ಕಣ್ಣಿನ ಸುತ್ತ ನೇರಿಳೆಯ ಬಣ್ಣ ಏರಿದ್ದಿತು. ಕೊಬ್ಬು ತೆಗೆದ ಹೊಟ್ಟೆಯೇ ಕೆನ್ನೆಗಿಂತ ಹೆಚ್ಚು ನೋಯಿತು. ಎರಡು ವಾರಗಳಲ್ಲಿ ಕಂದು ಇಳಿದು, ಎಡಗೆನ್ನೆ ಬಲಗೆನ್ನೆಗಿಂತಲೂ ತುಂಬಿ ಕಾಣಿಸಲು ತಾಯಿ ಹಿಗ್ಗಿದಳು. ಆದರೆ ಆ ತುಂಬಿನಲ್ಲಿ ಬಾವೂ ಸೇರಿದ್ದಿತು. ಎರಡನೆಯ ತಿಂಗಳು ಕೆನ್ನೆ ಇಳಿಯತೊಡಗಿದಾಗ ಅವಳು ದಿನಕ್ಕೆರಡು ಸಲ ಮಗಳನ್ನು ಬೆಳಕಿಗೆ ಕರೆದು ನೋಡಿ, ಮಾತಿಲ್ಲದೆ ಒಳಕ್ಕೆ ಹೋಗುವಳು. ಮೊದಲೇ ಕೇಳಿದ್ದ ಮಾತು ನಿಜವಾಗುತ್ತಿರುವಾಗಲೂ ತಾಯಿಯಾದವಳಿಗೆ ಅದು ಹೊಸ ದುಃಖವೇ ಸರಿ.

ಮನೆಯಲ್ಲಿ ಎಲ್ಲರಿಗಿಂತ ಕಠಿನವಾದ ವ್ರತವು ಅಜ್ಜಿಯದಾಗಿದ್ದಿತು. ಕಣ್ಣು ಮಂಜಾದ ಆಕೆ ಮೊಮ್ಮಗಳನ್ನು ಕೈಯಿಂದಲೇ ಬಲ್ಲವಳು. ಪ್ರತಿ ಶುಕ್ರವಾರ ತಲೆಗೆ ಎಣ್ಣೆಯೊತ್ತಿದ ಮೇಲೆ ಎರಡೂ ಕೆನ್ನೆಗಳನ್ನು ಸವರಿ, ದೃಷ್ಟಿ ಹೋಗಲೆಂದು ತನ್ನ ಕಣತಲೆಗೆ ಕೈಯೊತ್ತಿ ನೆಟಿಕೆ ಮುರಿಯುವುದು ಆಕೆಯ ವಾಡಿಕೆ. ಕೆನ್ನೆಯನ್ನು ಒತ್ತಕೂಡದು, ತಿಕ್ಕಕೂಡದೆಂದು ವೈದ್ಯೆಯವರು ಕಟ್ಟಪ್ಪಣೆ ಮಾಡಿದ್ದರು. ಆ ವಾರಗಳು ಕಳೆದ ಮೇಲೂ ಆಕೆ ಅಂಜಿ ಮುಟ್ಟಲಿಲ್ಲ. ಕೈಯನ್ನು ಮೊಮ್ಮಗಳ ಮುಖದ ಹತ್ತಿರಕ್ಕೆ ತಂದು, ಗಾಳಿಯಲ್ಲಿಯೇ ಸವರಿ ಹಿಂದೆಗೆಯುವಳು.

ಆರು ತಿಂಗಳ ಬಳಿಕ ವೈದ್ಯೆಯವರು ನೋಡಿ, ಇನ್ನು ಉಳಿದುದು ಉಳಿಯುವುದೆಂದರು. ತಗ್ಗಿನ ಅರ್ಧಕ್ಕಿಂತ ತುಸು ಹೆಚ್ಚೇ ತುಂಬಿದ್ದಿತು. ಗಲ್ಲದ ಹತ್ತಿರ ಕೊರತೆಯಿದೆ. ತೆಳುವಾದ ಚರ್ಮದ ಬಣ್ಣವೂ ಬದಲಾಗಿಲ್ಲ. ಎರಡನೆಯ ಸಲ ಮಾಡಿಸುವುದೇ ಎಂಬುದನ್ನು ಅವಳು ಇನ್ನೂ ನಿಶ್ಚಯಿಸಿಲ್ಲ.

ಆ ಶುಕ್ರವಾರ ಅವಳು ತಾನಾಗಿಯೇ ಅಜ್ಜಿಯ ಕೈಯನ್ನು ಹಿಡಿದು ಎಡಗೆನ್ನೆಯ ಮೇಲೆ ಇರಿಸಿಕೊಂಡಳು. ಅಜ್ಜಿಯು ಬಹಳ ಹೊತ್ತು ಸವರಿ ನೋಡಿ, "ಪೂರ್ತಿ ಬಂದಿಲ್ಲ ಮಗಾ, ಆದರೆ ಬಂದಿದೆ" ಎಂದು ನೆಟಿಕೆ ಮುರಿದಳು. ಮರುದಿನ ಶಾಲೆಯಲ್ಲಿ ಉಪಾಧ್ಯಾಯಿನಿಯು ಕಪ್ಪುಹಲಗೆಯ ಬಲಗಡೆಗೂ ಹೋಗಿ ನಿಂತು ಬರೆದಳು. ಮಕ್ಕಳಲ್ಲಿ ಯಾರೂ ಅದನ್ನು ಗಮನಿಸಲಿಲ್ಲ.