ಒಂದ ನಂಬರಿನ ಎರಡು ಮನಿ

ಭಾಳ ದಿವಸ ಆತು, ಇಲ್ಲೆ ಬರೀಲಿಕ್ಕೇ ಆಗಿರಲಿಲ್ಲ. ನಮ್ಮ ಅತ್ತಿಯವರು ಬಚ್ಚಲದಾಗ ಜಾರಿ ಬಿದ್ದು ತೊಡಿ ಎಲುಬು ಮುರಕೊಂಡದ್ದು ನಿಮಗೆಲ್ಲಾ ಗೊತ್ತ ಅದ. ಆಪರೇಶನ್ ಮಾಡಿ ರಾಡ್ ಹಾಕ್ಯಾರ. ನಾನು ಬೆಂಗಳೂರಿನ ಆಫೀಸಿನವರ ಕೈಕಾಲು ಬಿದ್ದು, "ಒಂದ ತಿಂಗಳು ಧಾರವಾಡದಿಂದನ ಕೆಲಸಾ ಮಾಡ್ತೇನ್ರಿ" ಅಂತ ಒಪ್ಪಿಸಿ, ಲ್ಯಾಪ್‌ಟಾಪ್ ಹೊತಗೊಂಡು 12ನೇ ತಾರೀಖಿಗೆ ಇಲ್ಲೆ ಬಂದೆ.

ನಂದು ಅಕೌಂಟ್ಸ್ ಕೆಲಸ. ಜಿಎಸ್‌ಟಿ 3ಬಿ ರಿಟರ್ನ್ 20ನೇ ತಾರೀಖಿನೊಳಗ ತುಂಬಬೇಕು, ತಪ್ಪಿದ್ರ ದಂಡ. ಲೆಕ್ಕದ ಫೈಲು ಎಲ್ಲಾ ಆಫೀಸಿನ ಸರ್ವರ್‌ನ್ಯಾಗ. ಮನಿಯಿಂದ ಅವನ್ನ ತಗೀಬೇಕಂದ್ರ ವಿಪಿಎನ್ ಹಚ್ಚಬೇಕು. ಅದೇನು ದೊಡ್ಡ ವಿಷಯ ಅಲ್ಲ, ನಮ್ಮನಿಯಿಂದ ಆಫೀಸಿನ ತನಕಾ ಇಂಟರ್ನೆಟ್ಟಿನೊಳಗ ಒಂದು ಮುಚ್ಚಿದ ಸುರಂಗ ಇದ್ದಂಗ. ಬೆಂಗಳೂರಿನ ಬಾಡಗಿ ಮನ್ಯಾಗ ಅದು ಒಂದ ದಿನಾನೂ ಕೈ ಕೊಟ್ಟಿರಲಿಲ್ಲ.

ಇಲ್ಲೆ ಬಂದು ಹಚ್ಚಿದೆ. "ಕನೆಕ್ಟೆಡ್" ಅಂತ ಹಸರು ದೀಪ ಬಂತು. ಆದ್ರ ಫೈಲಿನ ಫೋಲ್ಡರ್ ಒತ್ತಿದ್ರ ಚಕ್ರ ತಿರಗತದ, ತಿರಗತದ, ಕಡೀಕ "ಸಿಗವಲ್ತು" ಅಂತ ಹೇಳಿ ಸುಮ್ನಾಗತದ. ಯೂಟ್ಯೂಬ್ ಓಡತದ, ಮೇಲ್ ಬರತಾವ, ಆಫೀಸಿನ ಫೈಲ್ ಒಂದ ಬರಂಗಿಲ್ಲ.

ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿದೆ. "ಮೇಡಮ್, ನಮ್ಮ ಕಡೆ ಕನೆಕ್ಟ್ ಆಗಿದೆ ಅಂತಾನೇ ತೋರಿಸ್ತಿದೆ, ನಿಮ್ಮ ಇಂಟರ್ನೆಟ್ ಸ್ಲೋ ಇರಬೇಕು" ಅಂದ. ಪಾಸ್‌ವರ್ಡ್ ಬದಲಿ ಮಾಡಿಸಿದ, ಸಾಫ್ಟ್‌ವೇರ್ ತಗದು ಮತ್ತ ಹಾಕಿಸಿದ. ಹಿಂಗ ಮೂರು ದಿವಸ ಹೋದ್ವು. ಕಡೀಕ ನಮ್ಮ ಸಾಹೇಬರ ಫೋನ್ ಬಂತು, "ಅಲ್ಲಿಂದ ಆಗಲ್ಲ ಅಂದ್ರೆ ಸೋಮವಾರ ಬಂದುಬಿಡಿ" ಅಂತ.

ಆ ಮಾತು ಒಳಗ ಮಲಗಿದ್ದ ಅತ್ತಿಯವರಿಗೂ ಕೇಳಿಸಿತ್ತು ಅಂತ ಕಾಣಸ್ತದ. ಮರುದಿವಸ ನಸಿಕಿನ್ಯಾಗ ಸಪ್ಪಳಾ ಆತಂತ ಎದ್ದು ನೋಡಿದ್ರ, ವಾಕರ್ ಹಿಡಕೊಂಡು ಒಬ್ಬರ ಬಚ್ಚಲಕ್ಕ ಹೊಂಟಾರ! ನನ್ನ ಎದಿ ಧಸಕ್ಕಂತು. "ನನ್ನ ಸಲುವಾಗಿ ನಿನ್ನ ನೌಕರಿ ಹೋಗೂದು ಬ್ಯಾಡವಾ, ನಾ ರೂಢಿ ಮಾಡ್ಕೋತೇನಿ" ಅಂದ್ರು. ಹಿಡಕೊಂಡು ಕರಕೊಂಡ ಹೋದೆ. ಇಬ್ಬರಿಗೂ ಮಾತು ಬರಲಿಲ್ಲ.

ಅವತ್ತ ಮಧ್ಯಾಹ್ನ ಕರೆಂಟ್ ಹೋತು, ವೈಫೈನೂ ಹೋತು. ಫೋನಿನ ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪ್ ಹಚ್ಚಿದೆ ನೋಡ್ರಿ, ಫೋಲ್ಡರ್ ಟಕ್ ಅಂತ ತಗೀತು! ಕರೆಂಟ್ ಬಂದ ಮ್ಯಾಲೆ ವೈಫೈಗೆ ಹೋದೆ, ಮತ್ತ ಚಕ್ರ. ಅಂದ್ರ ಆಫೀಸೂ ಛಲೋ ಅದ, ಲ್ಯಾಪ್‌ಟಾಪೂ ಛಲೋ ಅದ, ಊನ ಇರೂದು ನಮ್ಮನಿ ವೈಫೈ ಡಬ್ಬಿಯೊಳಗ. ಹಂಗಂತ ಹಾಟ್‌ಸ್ಪಾಟ್ ಮ್ಯಾಲೆನ ಕೂಡೂಣು ಅಂದ್ರ, ನಮ್ಮ ಓಣ್ಯಾಗ ಸಿಗ್ನಲ್ ಹತ್ತ ನಿಮಿಷ ಇದ್ರ ಇಪ್ಪತ್ತ ನಿಮಿಷ ಇರಂಗಿಲ್ಲ.

ನಮ್ಮಕ್ಕನ ಮಗ ಇಂಜಿನಿಯರ್ ಇದ್ದಾನಲ್ಲ, ಅವಗ ಫೋನ್ ಹಚ್ಚಿದೆ. ಅವ ಕರಿ ಕಿಟಕಿ ತಗಸಿ "ಐಪಿಕಾನ್‌ಫಿಗ್" ಅಂತ ಬರಿಸಿದ. ವೈಫೈ ಮ್ಯಾಲೆ ನನ್ನ ಲ್ಯಾಪ್‌ಟಾಪಿನ ವಿಳಾಸ 192.168.1.7 ಅಂತ ಬಂತು. "ಮಾವಶಿ, ಆಫೀಸಿನ ಸರ್ವರ್ ನಂಬರ ಎಷ್ಟು?" ಅಂದ. ಫೋಲ್ಡರಿನ ಮ್ಯಾಲೆನ ಬರದಿತ್ತು, 192.168.1.20. ಅವ ನಗಲಿಕ್ಕೆ ಹತ್ತಿದ.

ಆಗಿದ್ದು ಏನಂದ್ರ, ಮನಿಯೊಳಗ, ಆಫೀಸಿನೊಳಗ ಇಟ್ಕೊಳ್ಳೂ ಸಲುವಾಗಿ ಮೂರು ಸಾಲು ನಂಬರ ಬ್ಯಾರೆ ತಗದು ಇಟ್ಟಾರ. 10ರಿಂದ ಶುರು ಆಗೂವು, 172.16ರಿಂದ 172.31ರ ತನಕಾ ಇರೂವು, 192.168ರಿಂದ ಶುರು ಆಗೂವು. ಇವನ್ನ ಯಾರು ಬೇಕಾದ್ರೂ ಇಟ್ಕೋಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಭಾಳಷ್ಟು ವೈಫೈ ಡಬ್ಬಿ ಅಂಗಡಿಯಿಂದ ಬರೂಮುಂದನ 192.168.0 ಇಲ್ಲಾ 192.168.1 ಅಂತ ಹಚ್ಚಿಸಿಕೊಂಡ ಬರತಾವ. ನಮ್ಮನ್ಯಾಗೂ ಅದನ್ನ ಯಾರೂ ಮುಟ್ಟಿರಲಿಲ್ಲ, ಆಫೀಸಿನ್ಯಾಗೂ ಮುಟ್ಟಿರಲಿಲ್ಲ. ಬೆಂಗಳೂರಿನ ಮನ್ಯಾಗ 0 ಇತ್ತು, ಹಾಟ್‌ಸ್ಪಾಟಿನ್ಯಾಗ 43 ಇತ್ತು, ಹಿಂಗಾಗಿ ಅಲ್ಲೆ ತಕರಾರ ಬರಲಿಲ್ಲ.

ನಮ್ಮ ಅಡಗಿಮನಿ ಲೆಕ್ಕದಾಗ ಹೇಳಬೇಕಂದ್ರ, ಅತ್ತಿಯವರು ಹುಡುಗನ ಕೈಯಾಗ ಹುಳಿ ಡಬ್ಬಿ ಕೊಟ್ಟು "ಸುಮಾಗ ಕೊಟ್ಟು ಬಾ" ಅಂತಾರ. ಓಣಿ ಆ ತುದಿಗೆ ಒಬ್ಬಾಕಿ ಸುಮಾ, ಒಳಗ ಒಲಿ ಮುಂದನೂ ಒಬ್ಬಾಕಿ ಸುಮಾ. ಹುಡುಗ ಹೊಸ್ತಲಾ ಯಾಕ ದಾಟ್ತಾನ? ನನ್ನ ಲ್ಯಾಪ್‌ಟಾಪೂ ಹಂಗ ಮಾಡ್ತು. ಬಾಗಲಾ ತಗದು ಸುರಂಗ ಕಾಯಲಿಕ್ಕೆ ಹತ್ತಿತ್ತು, ಇದು ಮಾತ್ರ 20ನೇ ನಂಬರಿನವರನ್ನ ನಮ್ಮ ಮನ್ಯಾಗ ಹುಡಕಿಕೋತ ಕೂತಿತ್ತು. "ರೂಟ್ ಪ್ರಿಂಟ್" ಅಂತ ಬರದ್ರ ದಾರಿ ಪಟ್ಟಿ ಬರತದ. ಅದರಾಗ 192.168.1.0 ಅಂತ ಎರಡೂ ಕಡೆ ಇತ್ತು, ಒಂದು ವೈಫೈ ದಾರಿ, ಒಂದು ಸುರಂಗದ ದಾರಿ. ಹಿಂಗ ಎರಡು ಸರಿಸಮ ಬಂದ್ರ ಯಾವುದರ ಮುಂದ ಮೆಟ್ರಿಕ್ ಅಂಕಿ ಸಣ್ಣದಿರತದೋ ಅದ ಗೆಲ್ಲೂದು. ನಮ್ಮಲ್ಲೆ ವೈಫೈದ್ದ ಸಣ್ಣದಿತ್ತು.

ಇದನ್ನೆಲ್ಲಾ ಅತ್ತಿಯವರಿಗೆ ಗಂಜಿ ಕುಡಸ್ಕೋತ ಹೇಳಿದೆ. "ಮತ್ತ ಆಫೀಸಿನವರಿಗೆ ಅವರ ನಂಬರ ಬದಲಿ ಮಾಡ್ಕೋ ಅನ್ನು" ಅಂದ್ರು.

"ಅಲ್ಲೆ ನಾಲ್ವತ್ತ ಮಂದಿ ಅದರ ಮ್ಯಾಲೆ ಕೆಲಸಾ ಮಾಡ್ತಾರ್ರೀ. ನಮ್ಮನ್ಯಾಗ ಐದ ಸಾಮಾನು. ನಾವ ಬದಲಿ ಮಾಡ್ಕೋಬೇಕು."

ಅತ್ತಿಯವರು ಸ್ವಲ್ಪ ಹೊತ್ತು ಸುಮ್ನಿದ್ರು. ಆಮ್ಯಾಲೆ, "ನಿಂದೂ ಹಂಗ ಆಗಿತ್ತು ನೋಡು" ಅಂದ್ರು.

ನಿಮ್ಮೊಳಗ ಹಳಬರಿಗೆ ನೆನಪಿರಬೇಕು. ನಾ ಈ ಮನಿಗೆ ಬರೂಮುಂದ ನನ್ನ ನೆಗೆಣ್ಣಿ ಹೆಸರೂ ಸುಮಾನ ಇತ್ತು, ನಂದೂ ಸುಮಾನ ಇತ್ತು. ಆಕಿ ಮೊದಲ ಬಂದಾಕಿ, ನಾ ಹೊಸಬಾಕಿ. ಅಕ್ಕಿಯೊಳಗ ಹೊಸಾ ಹೆಸರು ಬರಸಿದ್ರು, ಮುಗೀತು. ಕರಿಯೂಮುಂದ ಗೊಂದಲಾ ಆಗಬಾರದು ಅಂತ ಮಾಡಿದ್ದು, ಅದಕ್ಕ ನಂದೇನೂ ಸಿಟ್ಟಿಲ್ಲ. ಆದ್ರ ಮೊದಲನೇ ವರ್ಷ ಯಾರರೆ ಹೊಸಾ ಹೆಸರಲೆ ಕರದ್ರ ನಾ ಓ ಅಂತಿರಲಿಲ್ಲ, ಸೊಕ್ಕಿನಾಕಿ ಅಂತ ಮಾತು ಬಂತು.

"ನಿನ್ನ ಒಂದ ಮಾತು ಕೇಳಿರಲಿಲ್ಲ ನಾವು" ಅಂದ್ರು ಅತ್ತಿ. ಏನನ್ನಬೇಕು ತಿಳೀಲಿಲ್ಲ. ಬಾಯಿ ಒರಸಿ, ಗುಳಗಿ ಕೊಟ್ಟೆ.

ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ ವೈಫೈ ಡಬ್ಬಿ ಪುಟಾ ತಗದು, ಲ್ಯಾನ್ ವಿಳಾಸದಾಗ 192.168.1.1 ಅಂತ ಇದ್ದದ್ದನ್ನ 192.168.78.1 ಮಾಡಿದೆ. 78 ಯಾಕಂದ್ರ ಅತ್ತಿಯವರ ವಯಸ್ಸು, ಮರಿಯಂಗಿಲ್ಲ. ಉಳಿಸಿದ ಕೂಡಲೆ ಪುಟಾನ ಮಾಯ! ಕೆಡಿಸಿಬಿಟ್ಟೆ ಅಂತ ಅಂಗೈ ಬೆವತು. ಆಮ್ಯಾಲೆ ಹೊಳೀತು, ಡಬ್ಬಿ ವಿಳಾಸನ ಬದಲಿ ಆಗೇದ, ಹಳೇ ಬಾಗಲಾ ಬಡಿದ್ರ ಯಾರು ತಗೀತಾರ? ಹೊಸಾ ನಂಬರ ಹಾಕಿದೆ, ಬಂತು. ವಿಪಿಎನ್ ಹಚ್ಚಿದೆ, ಫೋಲ್ಡರ್ ತಗೀತು. ರಾತ್ರಿ ಹನ್ನೊಂದೂವರಿಗೆ ಒಬ್ಬಾಕಿನ ಕೂತು ಒಂದ ಬಟ್ಟಲು ಚಹಾ ಮಾಡ್ಕೊಂಡು ಕುಡದೆ.

ಟಿವಿ, ಫೋನು ತಾವ ಹೊಸಾ ನಂಬರ ತಗೊಂಡ್ವು. ಮಾವನವರ ಪ್ರಿಂಟರಿಗೆ ಯಾರೋ ಕೈಲೆ ನಂಬರ ಹಾಕಿ ಇಟ್ಟಿದ್ರು, ಅದು ಹಳೇದನ್ನ ಹಿಡಕೊಂಡು ಹಟಾ ಮಾಡ್ಕೋತ ಕೂತು. ಮರುದಿವಸ ಅದಕ್ಕೂ ತಿಳಿಸಿ ಹೇಳಿದೆ. ರಿಟರ್ನ್ 19ಕ್ಕ ತುಂಬಿದೆ. ಸೋಮವಾರ ಬೆಂಗಳೂರಿಗೆ ಹೋಗಲಿಲ್ಲ.

ನಿಮ್ಮನಿಯೊಳಗೂ ಮಗಳೋ ಸೊಸಿನೋ ಹಿಂಗ "ಕನೆಕ್ಟೆಡ್ ಅದ, ಏನೂ ಬರವಲ್ತು" ಅಂತ ಕಣ್ಣೀರು ಹಾಕ್ಕೋತ ಕೂತಿದ್ರ, ಮೊದಲ ಹಾಟ್‌ಸ್ಪಾಟ್ ಮ್ಯಾಲೆ ನೋಡು ಅನ್ರಿ. ಅಲ್ಲೆ ಬಂದು ವೈಫೈಯೊಳಗ ಬರಲಿಲ್ಲಾಂದ್ರ ಎರಡೂ ಕಡೆ ನಂಬರ ಕೂಡಿಸಿ ನೋಡಲಿ, ಮೊದಲಿನ ಮೂರು ಅಂಕಿ ಒಂದ ಇದ್ರ ಮನೀದ್ದು ಬದಲಿ ಮಾಡಲಿ. ಆದ್ರ ಮನಿ ಮಂದಿಗೆ ಮೊದಲ ಒಂದ ಮಾತು ಹೇಳಿ ಮಾಡಲಿ.

ಅತ್ತಿಯವರು ಈಗ ವಾಕರ್ ಹಿಡಕೊಂಡು ಪಡಸಾಲಿ ತನಕಾ ಬರತಾರ, ನಾ ಹಿಂದ ಇರತೇನಿ. ನೋಡ್ಲಿಕ್ಕೆ ಬಂದವರಿಗೆಲ್ಲಾ "ನಮ್ಮ ಸೊಸಿ ಮನಿ ನಂಬರನ ಬದಲಿ ಮಾಡಿಬಿಟ್ಳು" ಅಂತ ಹೇಳ್ಕೋತ ಕೂಡತಾರ. ನಿನ್ನಿ ಬಾಜೂಮನಿ ಕಾಕು ಗಾಬರಿಯಾಗಿ, "ಹಂಗಾರ ಇನ್ನ ಟಪಾಲು ಎಲ್ಲೆ ಬರತದವಾ?" ಅಂತ ಕೇಳಲಿಕ್ಕೆ ಬಂದಿದ್ರು.